ತೀರ್ಪಿನ ಸಂತತಿ

ತೀರ್ಪು ಎಂದರೆ ಮುಕ್ತಾಯ ಎಂದು ನಾವು ಎಣಿಸುತ್ತೇವೆ. ನೋಡಿದ್ದಾಯಿತು, ತೂಗಿದ್ದಾಯಿತು, ಒಬ್ಬರು ಗೆದ್ದರು, ಉಳಿದವರು ಸೋತರು, ಅಲ್ಲಿಗೆ ಕಥೆ ಮುಗಿಯಿತು. ಈ ಎಣಿಕೆ ಎಷ್ಟು ಅರೆಬರೆಯದು ಎಂದು ತಿಳಿಯಲು ನ್ಯಾಯಾಲಯಕ್ಕಿಂತ ಒಂದು ಕೋಳಿ ಪ್ರದರ್ಶನವೇ ಒಳ್ಳೆಯ ಜಾಗ. ಅದರಲ್ಲೂ ಬ್ಯಾಂಟಮ್ ಎಂಬ ಗಿಡ್ಡ ಕೋಳಿಗಳ ಸಾಲು. ಮೊಟ್ಟೆಗೆಂದೋ ಮಾಂಸಕ್ಕೆಂದೋ ಯಾರೂ ಇವನ್ನು ಅಷ್ಟಾಗಿ ನೆಚ್ಚಿಕೊಂಡವರಲ್ಲ. ಹೆಚ್ಚಿನವು ಕಣ್ಣಿಗಾಗಿಯೇ ಸಾಕಿದ ಜೀವಗಳು. ಹಾಗಾಗಿ ಮನುಷ್ಯನ ಕಣ್ಣು ಒಂದು ಜೀವಕ್ಕೆ ಏನೇನು ಮಾಡಬಲ್ಲದು ಎಂಬುದು ಇಲ್ಲಿ ಕಾಣುವಷ್ಟು ನಿಚ್ಚಳವಾಗಿ ಬೇರೆಡೆ ಕಾಣುವುದಿಲ್ಲ.

ಇಂಗ್ಲೆಂಡ್, ಅಮೆರಿಕ, ಜರ್ಮನಿಗಳಲ್ಲಿ ಈ ಪ್ರದರ್ಶನಗಳ ಮುಖ್ಯ ಹಂಗಾಮು ಬೇಸಿಗೆ ಕಳೆದ ಮೇಲೆ, ಚಳಿ ಹಿಡಿಯುವ ತಿಂಗಳುಗಳಲ್ಲಿ. ಆ ಹೊತ್ತಿಗೆ ಕೋಳಿ ಹಳೆಯ ಗರಿ ಉದುರಿಸಿ ಹೊಸದನ್ನು ತೊಟ್ಟಿರುತ್ತದೆ. ಪ್ರದರ್ಶನಕ್ಕೆ ಮುಂಚೆ ಸಾಕಿದವರು ಅದಕ್ಕೆ ಉಗುರುಬೆಚ್ಚಗಿನ ನೀರಿನಲ್ಲಿ ಸ್ನಾನ ಮಾಡಿಸುತ್ತಾರೆ, ಡ್ರೈಯರ್‌ನ ಬಿಸಿಗಾಳಿಯಲ್ಲಿ ಒಣಗಿಸುತ್ತಾರೆ, ಜುಟ್ಟಿಗೂ ಕಾಲಿಗೂ ಒಂದಿಷ್ಟು ವ್ಯಾಸಲಿನ್ ಸವರುತ್ತಾರೆ. ಬಿಳಿ ಕೋಳಿಯಾದರೆ ತಿಂಗಳುಗಟ್ಟಲೆ ನೆರಳಿನಲ್ಲೇ ಇಟ್ಟಿರುತ್ತಾರೆ. ಬಿಸಿಲು ಬಡಿದರೆ ಬಿಳಿ ಗರಿಗೆ ಹಿತ್ತಾಳೆಯ ಛಾಯೆ ಇಳಿಯುತ್ತದೆ, ಅದು ದೋಷ. ಹೀಗೆ ಸಿದ್ಧವಾದ ನೂರಾರು ಕೋಳಿಗಳು ತಂತಿಯ ಪಂಜರಗಳಲ್ಲಿ ಸಾಲಾಗಿ ಕೂತಿರುತ್ತವೆ. ಕೂಗಾಟವೋ ಕೂಗಾಟ. ಪಂಜರದ ಮೇಲೆ ಸಾಕಿದವರ ಹೆಸರಿಲ್ಲ, ಒಂದು ಸಂಖ್ಯೆ ಮಾತ್ರ.

ತೀರ್ಪುಗಾರ ಬಿಳಿ ಕೋಟು ತೊಟ್ಟು ಬರುತ್ತಾನೆ, ಜೊತೆಗೆ ಬರೆದುಕೊಳ್ಳುವವನೊಬ್ಬ. ಬಂದವನೇ ಕೈ ಹಾಕುವುದಿಲ್ಲ. ಮೊದಲು ದೂರ ನಿಂತು ನೋಡುತ್ತಾನೆ. ಯಾರೂ ಮುಟ್ಟದೆ, ತನ್ನಷ್ಟಕ್ಕೆ ನಿಂತಾಗಲೇ ಕೋಳಿಯ ನಿಜವಾದ ನಿಲುವು ಕಾಣುವುದು. ತಳಿಯನ್ನು ಮಾಡುವುದು ಆಕಾರ, ಬಣ್ಣ ಮಾಡುವುದು ಅದರೊಳಗಿನ ಬಗೆಯನ್ನಷ್ಟೇ ಎಂಬ ಮಾತು ಈ ವಲಯದಲ್ಲಿ ಹಳೆಯದು. ಎಷ್ಟೇ ಚೆಂದದ ಬಣ್ಣವಿರಲಿ, ಬೆನ್ನಿನ ಗೆರೆ ತಪ್ಪಿದ್ದರೆ ಅದು ಬೇರೆ ತಳಿಯ ವೇಷ ಹಾಕಿದ ಕೋಳಿ. ಆಮೇಲೆ ಬಾಗಿಲು ತೆರೆದು, ಎದೆಯಡಿ ಅಂಗೈ ಕೊಟ್ಟು, ತಲೆ ಮುಂದಾಗಿ ಹೊರತೆಗೆಯುತ್ತಾನೆ. ಮರಳಿ ಇಡುವಾಗಲೂ ತಲೆ ಮುಂದಾಗಿಯೇ. ಹಾಗಲ್ಲದಿದ್ದರೆ ಗರಿ ಬಾಗಿಲಿಗೆ ಸಿಕ್ಕಿ ಮುರಿಯುತ್ತದೆ. ರೆಕ್ಕೆಯನ್ನು ಬೀಸಣಿಗೆಯಂತೆ ಬಿಡಿಸಿ ದೊಡ್ಡ ಗರಿಗಳನ್ನು ಎಣಿಸುತ್ತಾನೆ. ಮೇಲ್ಗರಿಯನ್ನು ಊದಿ, ಅಡಿಯ ತುಪ್ಪಳದ ಬಣ್ಣ ನೋಡುತ್ತಾನೆ. ಎದೆಮೂಳೆಯ ಮೇಲೆ ಬೆರಳೋಡಿಸಿ ಅದು ನೆಟ್ಟಗಿದೆಯೇ, ಮೈಯಲ್ಲಿ ಹುರುಪಿದೆಯೇ ಎಂದು ಅಳೆಯುತ್ತಾನೆ. ಕಣ್ಣಿನ ಬಣ್ಣ, ಜುಟ್ಟಿನ ಮುಳ್ಳು, ಬಾಲದ ಓರೆ, ಕಾಲ್ಬೆರಳಿನ ನಡುವಿನ ಸಂದು, ಯಾವುದನ್ನೂ ಬಿಡುವಂತಿಲ್ಲ.

ಈ ಪರೀಕ್ಷೆಯಲ್ಲಿ ಎರಡು ಬಗೆಯ ಕೊರತೆಗಳಿವೆ. ಒಂದನ್ನು ಅಂಕದಿಂದ ಕಳೆಯುತ್ತಾರೆ, ಇನ್ನೊಂದು ಕೋಳಿಯನ್ನೇ ಕಳೆಯುತ್ತದೆ. ಬಣ್ಣ ತುಸು ಮಾಸಿದ್ದರೆ, ಜುಟ್ಟು ಸ್ವಲ್ಪ ದೊಡ್ಡದಾದರೆ ಅಂಕ ಹೋಗುತ್ತದೆ. ಆದರೆ ನುಣುಪು ಕಾಲು ಇರಬೇಕಾದ ತಳಿಯಲ್ಲಿ ಕಾಲಿನ ಹುರುಪೆಯ ಸಂದಿಯಿಂದ ಒಂದು ಎಳೆ ತುಪ್ಪಳ ಇಣುಕಿದರೂ ಸಾಕು, ಆ ಕೋಳಿ ಅನರ್ಹ. ಉಳಿದ ಮೈಯೆಲ್ಲ ಚಿನ್ನದಂತಿದ್ದರೂ ಪ್ರಯೋಜನವಿಲ್ಲ. ಆ ಎಳೆಯನ್ನು ಹಿಂದಿನ ರಾತ್ರಿ ಚಿಮುಟದಲ್ಲಿ ಕಿತ್ತು ತಂದವರೂ ಇದ್ದಾರೆ. ಕಿತ್ತ ಗುರುತು ಹುಡುಕುವುದೂ ತೀರ್ಪುಗಾರನ ಕಸುಬಿನ ಭಾಗ. ಸಿಕ್ಕಿಬಿದ್ದರೆ ವಂಚನೆಗೂ ಅದೇ ಶಿಕ್ಷೆ. ಯಾವುದನ್ನು ಕಳೆದು ಮನ್ನಿಸಬೇಕು, ಯಾವುದನ್ನು ಮನ್ನಿಸಲೇಬಾರದು ಎಂಬ ಪಟ್ಟಿಯನ್ನು ಮೊದಲೇ ಬರೆದಿಟ್ಟುಕೊಂಡಿರುವ ಈ ಜನ ಒಂದು ದೃಷ್ಟಿಯಲ್ಲಿ ನಮಗಿಂತ ಪ್ರಾಮಾಣಿಕರು. ನಮ್ಮ ದಿನದ ಬಾಳಿನಲ್ಲಿ ಆ ಗೆರೆಯನ್ನು ಎದುರಿಗೆ ಯಾರಿದ್ದಾರೆ ಎಂದು ನೋಡಿಕೊಂಡು ಎಳೆಯುತ್ತೇವೆ.

ನ್ಯಾಯವನ್ನು ಕಾಯಲು ಈ ಲೋಕ ಮಾಡಿಕೊಂಡ ಏರ್ಪಾಟುಗಳು ಕಡಿಮೆಯವಲ್ಲ. ಅಮೆರಿಕದಲ್ಲಿ ತೀರ್ಪುಗಾರನಾಗಬೇಕಾದರೆ ಹಿರಿಯ ತೀರ್ಪುಗಾರರ ಹಿಂದೆ ನಿಂತು ಬರೆದುಕೊಳ್ಳುವ ಕೆಲಸ ಮಾಡಬೇಕು, ಪರೀಕ್ಷೆ ಪಾಸಾಗಬೇಕು. ಬಹುಮಾನಕ್ಕೆ ತಕ್ಕ ಕೋಳಿ ಇಲ್ಲದಿದ್ದರೆ ಬಹುಮಾನವನ್ನೇ ತಡೆಹಿಡಿಯುವ ಅಧಿಕಾರ ತೀರ್ಪುಗಾರನಿಗಿದೆ. ಇರುವ ಮೂರರಲ್ಲಿ ಒಂದಕ್ಕೆ ಕೊಟ್ಟು ಕೈತೊಳೆದುಕೊಳ್ಳಬೇಕಾಗಿಲ್ಲ. ಇದೆಲ್ಲ ಪಕ್ಷಪಾತಕ್ಕೆ ಹಾಕಿದ ಬೇಲಿ. ಆದರೆ ನನಗೆ ಹೊಳೆಯುವುದಿಷ್ಟು: ಪಕ್ಷಪಾತವಿಲ್ಲದಿರುವುದು ತೀರ್ಪುಗಾರನ ಧರ್ಮದ ಅರ್ಧ ಮಾತ್ರ. ಪೂರ್ತಿ ನಿಷ್ಪಕ್ಷಪಾತಿಯಾಗಿದ್ದೂ ಕೇಡು ಮಾಡಲು ಸಾಧ್ಯ. ಈ ಮಾತಿಗೆ ಕೋಳಿಗಳ ಚರಿತ್ರೆಯಲ್ಲೇ ಸಾಕ್ಷಿಯಿದೆ.

ಚರಿತ್ರೆ ಶುರುವಾಗುವುದು ರಕ್ತದಿಂದ. ಇಂಗ್ಲೆಂಡಿನಲ್ಲಿ ಕೋಳಿ ಕಾಳಗ ಅರಸರಿಂದ ಆಳಿನವರೆಗೆ ಎಲ್ಲರ ಮೋಜಾಗಿತ್ತು. 1835ರಲ್ಲಿ ಪ್ರಾಣಿಹಿಂಸೆ ತಡೆಯುವ ಕಾಯ್ದೆ ಬಂದು ಕಾಳಗದ ಕಣಗಳು ಕಾನೂನಿನ ಹೊರಗಾದವು. ಹತ್ತು ವರ್ಷ ಕಳೆದು, 1845ರ ಜೂನ್‌ನಲ್ಲಿ, ಲಂಡನ್ನಿನ ಪ್ರಾಣಿ ಉದ್ಯಾನದಲ್ಲಿ ದೊಡ್ಡ ಕೋಳಿ ಪ್ರದರ್ಶನ ನಡೆಯಿತು. 1849ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲೂ ಒಂದು. ಅಟ್ಲಾಂಟಿಕ್‌ನ ಎರಡೂ ದಡಗಳಲ್ಲಿ ಜನಕ್ಕೆ ಕೋಳಿಯ ಹುಚ್ಚು ಹತ್ತಿತು. ಗೆಲ್ಲಿಸುವ ಆಸೆ, ತನ್ನ ಕೋಳಿಯ ಮೇಲಿನ ಹೆಮ್ಮೆ ಹಾಗೇ ಉಳಿದವು. ಅವಕ್ಕೆ ಹೊಸ ಕಣವೊಂದು ಬೇಕಿತ್ತು, ಸಿಕ್ಕಿತು. ನಮ್ಮ ತುಳುನಾಡಿನವರಿಗೆ ಈ ಹುರುಪಿನ ಹಳೆಯ ರೂಪವನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೋಳಿ ಅಂಕದಲ್ಲಿ ಕಾಲಿಗೆ ಕತ್ತಿ ಕಟ್ಟಿ ಬಿಟ್ಟ ಮೇಲೆ ತೀರ್ಪುಗಾರನಿಗೆ ಹೆಚ್ಚು ಕೆಲಸವಿಲ್ಲ. ಯಾವುದು ಮೇಲು ಎಂಬುದನ್ನು ಹುಂಜಗಳೇ ತೀರ್ಮಾನಿಸುತ್ತವೆ.

ಕತ್ತಿ ಹೋದ ಮೇಲೆ ಬಂದ ತೊಡಕು ಇದೇ. ಹುಂಜಗಳು ತೀರ್ಮಾನಿಸುವುದನ್ನು ನಿಲ್ಲಿಸಿದವು, ಮನುಷ್ಯ ತೀರ್ಮಾನಿಸಬೇಕಾಯಿತು. ತೀರ್ಮಾನಕ್ಕೆ ಅಳತೆಗೋಲು ಬೇಕು, ಅಳತೆಗೋಲಿಗೆ ಮಾತು ಬೇಕು. ಒಳ್ಳೆಯ ಕೋಳಿ ಎಂದರೆ ಯಾವುದು? ಕಾಳಗದ ಕಣದಲ್ಲಿ ಕೇಳಬೇಕಾಗಿರದಿದ್ದ ಈ ಪ್ರಶ್ನೆಗೆ ಉತ್ತರವಾಗಿ ಪುಸ್ತಕ ಹುಟ್ಟಿತು. 1865ರಲ್ಲಿ ಲಂಡನ್ನಿನಲ್ಲಿ ವಿಲಿಯಂ ಟೆಗೆಟ್‌ಮಿಯರ್ ಸಂಪಾದಿಸಿದ ಮಾನದಂಡದ ಪುಸ್ತಕ ಬಂತು. ಡಾರ್ವಿನ್‌ಗೆ ಕೋಳಿ, ಪಾರಿವಾಳಗಳ ಮಾಹಿತಿ ಒದಗಿಸಿದವನೂ ಈತನೇ. 1873ರಲ್ಲಿ ಅಮೆರಿಕದ ಕೋಳಿ ಸಂಘ ಕಟ್ಟಿಕೊಂಡಿತು, ಮರುವರ್ಷ ತನ್ನ ಮಾನದಂಡ ಪ್ರಕಟಿಸಿತು. ಬ್ಯಾಂಟಮ್‌ಗಳಿಗೆಂದೇ ಅಲ್ಲಿ 1914ರಲ್ಲಿ ಬೇರೆ ಸಂಘವಾಯಿತು. ಜೀವಿಗಳ ಲಕ್ಷಣ ಬರೆದಿಡುವ ಹವ್ಯಾಸ ನಮಗೂ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆಸಿದ ‘ಮಾನಸೋಲ್ಲಾಸ’ದಲ್ಲಿ ಅರಸನ ವಿನೋದಗಳ ಪಟ್ಟಿಯೊಳಗೆ ಕೋಳಿಗೂ ಜಾಗವಿದೆ. ಆದರೆ ಅಲ್ಲಿನ ಲಕ್ಷಣ ಕಾಳಗಕ್ಕೆ ಬೇಕಾದದ್ದು. ಹೇಳಿದ್ದು ಸುಳ್ಳಾದರೆ ಕಣದಲ್ಲಿ ಗೊತ್ತಾಗುತ್ತಿತ್ತು. ಪ್ರದರ್ಶನದ ಲಕ್ಷಣಕ್ಕೆ ಅಂಥ ಒರೆಗಲ್ಲಿಲ್ಲ. ಪುಸ್ತಕ ಚೆಂದ ಎಂದದ್ದೇ ಚೆಂದ.

ಪುಸ್ತಕಕ್ಕೂ ಮುಂಚೆ ಒಬ್ಬ ಮನುಷ್ಯ ತನ್ನ ಮನಸ್ಸಿನ ಕೋಳಿಯನ್ನು ಮೈದಾಳಿಸಿದ್ದ. ಸರ್ ಜಾನ್ ಸೀಬ್ರೈಟ್. 1767ರಲ್ಲಿ ಹುಟ್ಟಿ 1846ರಲ್ಲಿ ತೀರಿಕೊಂಡ ಈ ಇಂಗ್ಲಿಷ್ ಜಮೀನ್ದಾರ ಪಾರ್ಲಿಮೆಂಟಿನ ಸದಸ್ಯನೂ ಆಗಿದ್ದ. ಸಾಕುಪ್ರಾಣಿಗಳ ತಳಿ ಸುಧಾರಣೆ ಕುರಿತು 1809ರಲ್ಲಿ ಅವನು ಬರೆದ ಕಿರುಹೊತ್ತಗೆ ಡಾರ್ವಿನ್‌ನ ಓದಿನಲ್ಲಿತ್ತು. ಪಾರಿವಾಳದಲ್ಲಿ ಬೇಕಾದ ಗರಿಯನ್ನು ಮೂರು ವರ್ಷದಲ್ಲಿ ತರುತ್ತೇನೆ, ತಲೆ ಮತ್ತು ಕೊಕ್ಕಿಗಾದರೆ ಆರು ವರ್ಷ ಬೇಕು ಎಂಬ ಅರ್ಥದ ಅವನ ಮಾತನ್ನು ಡಾರ್ವಿನ್ ದಾಖಲಿಸಿದ್ದಾನೆ. ಇಂಥವನು ವರ್ಷಗಟ್ಟಲೆ ಮಿಶ್ರಮಾಡಿ, ಆರಿಸಿ, ಒಳಸಂಬಂಧದಲ್ಲೇ ಬೆಳೆಸಿ ತಂದ ಬ್ಯಾಂಟಮ್‌ಗೆ ಅವನ ಹೆಸರೇ ಉಳಿದಿದೆ. ಅಮೆರಿಕದ ಮಾನದಂಡದಲ್ಲಿ ಅದರ ಹುಂಜದ ತೂಕ 22 ಔನ್ಸ್, ಅಂದರೆ ಸುಮಾರು 620 ಗ್ರಾಂ. ಚಿನ್ನದ ಇಲ್ಲವೇ ಬೆಳ್ಳಿಯ ಬಣ್ಣದ ಪ್ರತಿಯೊಂದು ಗರಿಗೂ ಸುತ್ತಲೂ ಸಮನಾದ ತೆಳು ಕಪ್ಪು ಅಂಚು. ತಲೆಯಿಂದ ಬಾಲದವರೆಗೆ ಎಲ್ಲೂ ಆ ಅಂಚು ಒಡೆಯಬಾರದು, ದಪ್ಪವಾಗಬಾರದು. ರೇಷ್ಮೆ ಸೀರೆಯ ನೇಯ್ಗೆಗೆ ಬೇಕಾಗುವ ಕಟ್ಟುನಿಟ್ಟನ್ನು ಅವನು ಮೊಟ್ಟೆಯೊಳಗಿನ ಜೀವದಿಂದ ಕೇಳಿದ, ಜೀವ ಕೊಟ್ಟಿತು.

ಕೊಟ್ಟದ್ದು ಬಿಟ್ಟಿಯಲ್ಲ. ಸೀಬ್ರೈಟ್ ಹುಂಜಕ್ಕೆ ಹುಂಜದ ಗರಿಗಳಿಲ್ಲ. ಕುತ್ತಿಗೆಯ ಚೂಪು ಗರಿ, ಬಾಲದ ಬಾಗಿದ ಕುಡುಗೋಲು ಗರಿ ಯಾವುದೂ ಇಲ್ಲದೆ ಅದು ಹೇಂಟೆಯ ಉಡುಪಿನಲ್ಲಿದೆ. ಹುಂಜದ ಉದ್ದ ಗರಿಗೆ ಆ ಸಮನಾದ ಅಂಚು ಕೂಡಿಬರುವುದಿಲ್ಲ. ಹೇಂಟೆಯ ದುಂಡು ಗರಿಗೆ ಕೂಡಿಬರುತ್ತದೆ. ಹಣ್ಣುನೊಣದ ಪ್ರಯೋಗಗಳಿಂದ ಹೆಸರಾದ ಥಾಮಸ್ ಹಂಟ್ ಮಾರ್ಗನ್ 20ನೇ ಶತಮಾನದ ಆರಂಭದಲ್ಲಿ ಸೀಬ್ರೈಟ್ ಹುಂಜಗಳ ವೃಷಣ ತೆಗೆದು ನೋಡಿದ. ಅವುಗಳಿಗೆ ಹುಂಜದ ಗರಿಗಳು ಬೆಳೆದವು! ಈ ತಳಿಯ ಚರ್ಮ ಗಂಡು ಹಾರ್ಮೋನನ್ನು ಹೆಣ್ಣು ಹಾರ್ಮೋನಾಗಿ ಬದಲಿಸಿಬಿಡುತ್ತದೆ ಎಂಬುದು ಆಮೇಲೆ ತಿಳಿಯಿತು. ತೀರಾ ಅಚ್ಚುಕಟ್ಟಾಗಿ ಹೇಂಟೆಗರಿ ತೊಟ್ಟ ಹುಂಜಗಳಿಂದ ಮೊಟ್ಟೆ ಸರಿಯಾಗಿ ಕಾಯಿಕಟ್ಟುವುದಿಲ್ಲ ಎಂಬ ದೂರು ಸಾಕುವವರಲ್ಲಿ ಹಳೆಯದು. ಅದಕ್ಕಾಗಿ ತುಸು ಹುಂಜದ ಗರಿ ಇಣುಕುವ, ಪ್ರದರ್ಶನದಲ್ಲಿ ಎಂದೂ ಗೆಲ್ಲದ ಹುಂಜವನ್ನು ಸಂತಾನಕ್ಕೆ ಬಿಡುವ ರೂಢಿಯೂ ಬಂತು. ಗೆಲ್ಲುವ ಕೋಳಿ ಪಂಜರದಲ್ಲಿ, ವಂಶ ಉಳಿಸುವ ಕೋಳಿ ಹಿತ್ತಲಲ್ಲಿ.

ಇದು ಸೀಬ್ರೈಟ್ ಒಂದರ ಕಥೆಯಲ್ಲ. ಕೆಲವು ಬಣ್ಣಗಳಲ್ಲಿ ಹುಂಜಕ್ಕೆ ಪುಸ್ತಕ ಕೇಳುವ ಬಣ್ಣವೂ ಹೇಂಟೆಗೆ ಕೇಳುವ ಬಣ್ಣವೂ ಒಂದೇ ಜೋಡಿಯಿಂದ ಹುಟ್ಟುವುದಿಲ್ಲ. ಕಂದು ಲೆಗ್‌ಹಾರ್ನ್, ಪಾರ್ಟ್‌ರಿಜ್ ವಯಾಂಡಾಟ್ ಅಂಥವು. ಆಗ ಸಾಕುವವರು ಒಂದೇ ತಳಿಯ ಎರಡು ಸಾಲು ಇಟ್ಟುಕೊಳ್ಳುತ್ತಾರೆ. ಒಂದು ಸಾಲು ಒಳ್ಳೆಯ ಹುಂಜಗಳಿಗಾಗಿ, ಇನ್ನೊಂದು ಒಳ್ಳೆಯ ಹೇಂಟೆಗಳಿಗಾಗಿ. ಹೇಂಟೆ ಸಾಲಿನ ಹುಂಜ ಪ್ರದರ್ಶನಕ್ಕೆ ಬಂದರೆ ಮೊದಲ ನೋಟಕ್ಕೇ ಬಿದ್ದುಹೋಗುತ್ತದೆ. ಆದರೆ ಚಾಂಪಿಯನ್ ಹೇಂಟೆಯ ತಂದೆ ಅದೇ. ತೀರ್ಪುಗಾರ ಎತ್ತಿ ಹಿಡಿದ ಹೇಂಟೆಯ ಅರ್ಧ ಪುಣ್ಯ, ಅವನು ಎದುರಿಗೆ ಕಂಡಿದ್ದರೆ ತಳ್ಳಿಹಾಕುತ್ತಿದ್ದ ಹುಂಜದ್ದು. ಪಂಜರದೊಳಗಿನ ಗುಣಕ್ಕೆ ಪಂಜರದ ಹೊರಗೆ ಬೇರಿರುತ್ತದೆ. ಬೇರಿಗೆ ಬಹುಮಾನ ಕೊಡುವ ಸ್ಪರ್ಧೆ ಇನ್ನೂ ಹುಟ್ಟಿಲ್ಲ.

ಪುಸ್ತಕದಲ್ಲಿ ಶುದ್ಧತೆಯ ಮಾತು ಬಹಳ. ಆದರೆ ಆ ಶುದ್ಧತೆ ಎಲ್ಲಿಂದ ಬಂತೆಂದು ಕೆದಕಿದರೆ ನಗು ಬರುತ್ತದೆ. ಎಷ್ಟೋ ತಳಿಗಳಿಗೆ ಹಳದಿ ಕಾಲು ಕಡ್ಡಾಯ. ಕಾಲು ಬಿಳಿಚಿಕೊಂಡರೆ ಅಂಕ ಹೋಗುತ್ತದೆ, ಬೇರೆ ಬಣ್ಣದ್ದಾದರೆ ಕೋಳಿಯೇ ಹೊರಗೆ. ಸಾಕುಕೋಳಿಯ ಮೂಲಪುರುಷ ಕೆಂಪು ಕಾಡುಕೋಳಿಯಲ್ಲಿ ಈ ಹಳದಿ ಚರ್ಮವಿಲ್ಲ. ಅದು ಬಂದದ್ದು ಬೂದು ಕಾಡುಕೋಳಿಯಿಂದ ಎಂದು 2008ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನ ತೋರಿಸಿತು. ಬೂದು ಕಾಡುಕೋಳಿ ಎಂದರೆ ನಮ್ಮ ಪಶ್ಚಿಮ ಘಟ್ಟದ ಕಾಡಂಚಿನಲ್ಲಿ ಬೆಳಗಿನ ಹೊತ್ತು ಕೂಗುವ ಅದೇ ಹಕ್ಕಿ. ಅಮೆರಿಕದ ಯಾವುದೋ ಊರಿನಲ್ಲಿ ತೀರ್ಪುಗಾರ ಬೆರಳಿನಿಂದ ಒರೆಸಿ ನೋಡಿ ಮೆಚ್ಚುವ ಹಳದಿ, ಭಾರತದ ಕಾಡುಹಕ್ಕಿಯೊಂದು ಎಂದೋ ಊರ ಕೋಳಿಯೊಡನೆ ಕೂಡಿದ್ದರ ಗುರುತು. ಇಂದಿನ ಅರ್ಹತೆ ಒಂದು ಕಾಲದ ಬೆರಕೆ. ಹೀಗಿರುವಾಗ ಇವತ್ತಿನ ಬೆರಕೆಯನ್ನು ಜರೆಯುವ ಮೊದಲು ಸ್ವಲ್ಪ ತಡೆಯುವುದು ಒಳ್ಳೆಯದು.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ತೀರ್ಪುಗಾರ ತಾನು ಇರುವ ಕೋಳಿಯನ್ನು ಅಳೆಯುತ್ತಿದ್ದೇನೆ ಎಂದುಕೊಳ್ಳುತ್ತಾನೆ. ನಿಜದಲ್ಲಿ ಅವನು ಮುಂದಿನ ಕೋಳಿಯನ್ನು ಹುಟ್ಟಿಸುತ್ತಿದ್ದಾನೆ. ಗೆದ್ದ ಹುಂಜ ಸಂತಾನಕ್ಕೆ ಹೋಗುತ್ತದೆ, ಅದರ ಮೊಟ್ಟೆ, ಮರಿಗಳಿಗೆ ಬೇಡಿಕೆ ಬರುತ್ತದೆ. ಸೋತ ಹುಂಜ ಅಡುಗೆಮನೆಗೆ ಹೋದರೂ ಕೇಳುವವರಿಲ್ಲ. ಪಂಜರಕ್ಕೆ ಕಟ್ಟಿದ ಬಣ್ಣದ ಪಟ್ಟಿ ಸಂಜೆಗೆ ಬಿಚ್ಚಿಕೊಂಡು ಹೋಗುವ ತುಂಡು ಬಟ್ಟೆಯಷ್ಟೇ. ಆದರೆ ಅದು ಮುಂದಿನ ವಸಂತದಲ್ಲಿ ಯಾವ ಮೊಟ್ಟೆಗೆ ಕಾವು ಸಿಗಬೇಕು ಎಂಬುದರ ಅಪ್ಪಣೆ. ಸ್ಪ್ಯಾನಿಷ್ ಹುಂಜದ ಜುಟ್ಟು ನೆಟ್ಟಗೆ ನಿಲ್ಲಬೇಕೆಂದು ಇಂಗ್ಲೆಂಡಿನ ತೀರ್ಪುಗಾರರು ಬಯಸಿದ್ದೂ, ಕೆಲವೇ ವರ್ಷಗಳಲ್ಲಿ ಜುಟ್ಟು ನಿಂತದ್ದೂ ವಿಕಾಸವಾದದ ಚರ್ಚೆಗಳಲ್ಲಿ 19ನೇ ಶತಮಾನದಿಂದ ಉದಾಹರಣೆಯಾಗಿದೆ. ಅದೇ ಸ್ಪ್ಯಾನಿಷ್ ಕೋಳಿಯ ಇನ್ನೊಂದು ಹೆಗ್ಗಳಿಕೆ ಬಿಳಿ ಮುಖ. ಪ್ರದರ್ಶನದಲ್ಲಿ ಬಿಳಿ ಮುಖಕ್ಕೆ ಬೆಲೆ ಬಂದಂತೆ ಮುಖ ಹಿಗ್ಗುತ್ತ ಹೋಯಿತು, ಕಣ್ಣು ಮುಚ್ಚುವಷ್ಟು. ಒಂದು ಕಾಲಕ್ಕೆ ದೊಡ್ಡ ಬಿಳಿ ಮೊಟ್ಟೆಗೆ ಮನೆಮಾತಾಗಿದ್ದ ಗಟ್ಟಿ ಕೋಳಿ, ಮರಿ ಉಳಿಸಿಕೊಳ್ಳುವುದೇ ಕಷ್ಟ ಎನ್ನುವ ಸೂಕ್ಷ್ಮ ಕೋಳಿಯಾಯಿತು. ಯಾವ ತೀರ್ಪುಗಾರನೂ ಅದನ್ನು ಕೆಡಿಸಲು ಹೊರಟಿರಲಿಲ್ಲ. ಎಲ್ಲರೂ ಬಿಳಿ ಮುಖಕ್ಕೆ ನ್ಯಾಯವಾಗಿಯೇ ಅಂಕ ಕೊಟ್ಟಿದ್ದರು.

ಜಪಾನಿನ ಚಾಬೋ ಬ್ಯಾಂಟಮ್ ಇನ್ನೂ ಕಠಿಣವಾದ ಪಾಠ. ನೆಟ್ಟಗೆ ಮೇಲೆದ್ದ ದೊಡ್ಡ ಬಾಲ, ನೆಲಕ್ಕೆ ತಾಗುವಂತಿರುವ ರೆಕ್ಕೆ, ಇದೆಯೋ ಇಲ್ಲವೋ ಎನ್ನುವಷ್ಟು ಮೋಟು ಕಾಲು. ನೋಡಿದವರು ಮುಗುಳ್ನಗದೆ ಇರಲಾರರು. ಆ ಮೋಟು ಕಾಲಿಗೆ ಕಾರಣವಾದ ವಂಶವಾಹಿ ಒಂದು ಪ್ರತಿಯಲ್ಲಿ ಬಂದರೆ ಕಾಲು ಮೋಟಾಗುತ್ತದೆ. ತಂದೆ ತಾಯಿ ಇಬ್ಬರಿಂದಲೂ ಬಂದರೆ ಭ್ರೂಣ ಮೊಟ್ಟೆಯೊಳಗೇ ಸಾಯುತ್ತದೆ. ಹಾಗಾಗಿ ಎರಡು ಮೋಟು ಕಾಲಿನ ಚಾಬೋಗಳನ್ನು ಕೂಡಿಸಿದರೆ ಸರಾಸರಿ ಕಾಲುಭಾಗ ಮೊಟ್ಟೆಗಳಲ್ಲಿ ಮರಿ ಹೊರಗೆ ಬರುವುದಿಲ್ಲ. ಅರ್ಧಕ್ಕೆ ಮೋಟು ಕಾಲು, ಉಳಿದ ಕಾಲುಭಾಗಕ್ಕೆ ಉದ್ದ ಕಾಲು. ಉದ್ದ ಕಾಲಿನವು ಆರೋಗ್ಯವಾಗಿಯೇ ಇರುತ್ತವೆ, ಪ್ರದರ್ಶನಕ್ಕೆ ಮಾತ್ರ ಬೇಡವಾದವು. ತೀರ್ಪುಗಾರನ ಕಣ್ಣೆದುರು ಬರುವುದು ಆ ಅರ್ಧ ಮಾತ್ರ. ಒಡೆಯದ ಮೊಟ್ಟೆಗಳನ್ನು ಪಂಜರದಲ್ಲಿ ತಂದಿಡುವವರು ಯಾರು? ಗೆದ್ದವರ ಚೆಲುವನ್ನು ಅಳೆಯುವ ಪುಸ್ತಕದಲ್ಲಿ ಆ ಚೆಲುವಿಗೆ ತೆತ್ತವರ ಲೆಕ್ಕ ಬರೆಯಲು ಪುಟವಿಲ್ಲ.

ಇದಕ್ಕೆ ಸಾಕುವವರ ಕಡೆಯಿಂದ ಉತ್ತರವಿದೆ, ಅದನ್ನು ಹಗುರವಾಗಿ ತಳ್ಳಿಹಾಕಬಾರದು. ಇಂದು ಲೋಕದ ಮೊಟ್ಟೆ, ಮಾಂಸವೆಲ್ಲ ಬೆರಳೆಣಿಕೆಯ ಕಂಪನಿಗಳ ಮಿಶ್ರತಳಿಗಳ ಮೇಲೆ ನಿಂತಿದೆ. ಆ ದಾರಿಯಲ್ಲಿ ಲಾಭಕ್ಕೆ ಬಾರದ ನೂರಾರು ಹಳೆಯ ತಳಿಗಳು ಉಳಿದಿದ್ದರೆ ಅದಕ್ಕೆ ಮುಖ್ಯ ಕಾರಣ ಹಿತ್ತಲಲ್ಲಿ ಹತ್ತಿಪ್ಪತ್ತು ಕೋಳಿ ಸಾಕಿಕೊಂಡು ವಾರದ ಕೊನೆಗೆ ಪ್ರದರ್ಶನಕ್ಕೆ ಹೊರಡುವ ಈ ಹವ್ಯಾಸಿಗಳು. ಬಹುಮಾನದ ಆಸೆ ಇಲ್ಲದಿದ್ದರೆ ಎಷ್ಟೋ ಬಣ್ಣ, ಎಷ್ಟೋ ಆಕಾರ ಎಂದೋ ಅಳಿದುಹೋಗುತ್ತಿದ್ದವು. ಚಾಬೋವನ್ನು ಮೋಟು ಮತ್ತು ಉದ್ದ ಕಾಲಿನ ಜೋಡಿಯಾಗಿ ಕೂಡಿಸಿ, ಮೊಟ್ಟೆಯೊಳಗಿನ ಆ ಸಾವನ್ನು ತಪ್ಪಿಸಬಹುದೆಂಬುದೂ ಅವರಿಗೆ ಗೊತ್ತು. ಬಹುಮಾನ ಕಾಯುತ್ತದೆ, ಕೆಡಿಸುತ್ತದೆ. ಎರಡೂ ಅದೇ ಶಕ್ತಿಯ ಕೆಲಸ.

ತೀರ್ಪುಗಾರನಿಗೂ ಒಂದು ಉತ್ತರವಿದೆ: ಪುಸ್ತಕದಲ್ಲಿದ್ದಂತೆ ಮಾಡಿದೆ, ನನ್ನ ಇಷ್ಟವನ್ನು ನಡುವೆ ತರಲಿಲ್ಲ. ಆದರೆ ಪುಸ್ತಕ ಎಲ್ಲವನ್ನೂ ಹೇಳುವುದಿಲ್ಲ. ಪುಸ್ತಕ ‘ಗಿಡ್ಡ ಬೆನ್ನು’ ಎನ್ನುತ್ತದೆ. ಎದುರಿಗೆ ಗಿಡ್ಡ ಬೆನ್ನಿನ ಮೂರು ಕೋಳಿಗಳಿದ್ದಾಗ, ಉಳಿದದ್ದೆಲ್ಲ ಸಮನಾಗಿದ್ದರೆ, ಕೈ ತಾನಾಗಿ ಎಲ್ಲಕ್ಕಿಂತ ಗಿಡ್ಡದರ ಕಡೆ ಹೋಗುತ್ತದೆ. ಮುಂದಿನ ವರ್ಷ ಅದಕ್ಕಿಂತಲೂ ಗಿಡ್ಡದ್ದು ಬರುತ್ತದೆ. ಯಾವ ವರ್ಷದ ತೀರ್ಪೂ ತಪ್ಪಲ್ಲ. ಇಪ್ಪತ್ತು ವರ್ಷದ ಸರಿ ತೀರ್ಪುಗಳನ್ನು ಕೂಡಿಸಿದರೆ ಒಂದು ತಪ್ಪು ಕೋಳಿ ನಿಂತಿರುತ್ತದೆ. ಹೋಲಿಕೆಗೆ ಹದ ಗೊತ್ತಿಲ್ಲ, ಹೆಚ್ಚು ಮಾತ್ರ ಗೊತ್ತು. ಹದ ಕಾಯುವುದು ಪುಸ್ತಕದ ಕೈಯಲ್ಲೂ ಇಲ್ಲ, ಸ್ಪರ್ಧೆಯ ಕೈಯಲ್ಲೂ ಇಲ್ಲ. ಎರಡರ ನಡುವೆ ನಿಂತ ಮನುಷ್ಯನ ವಿವೇಕವೇ ಕಾಯಬೇಕು. ‘ಇದು ಮೂರರಲ್ಲಿ ಹೆಚ್ಚು ಗಿಡ್ಡ, ಅದಕ್ಕೇ ಮೊದಲಲ್ಲ’ ಎಂದು ಹೇಳುವ ಧೈರ್ಯ ಯಾವ ಪರೀಕ್ಷೆಯಲ್ಲೂ ಪಾಸಾಗಿ ಬರುವಂಥದಲ್ಲ.

ನಮ್ಮ ಶಾಲೆಗಳ ಭಾಷಣ ಸ್ಪರ್ಧೆಗಳನ್ನು ನೆನೆಸಿಕೊಂಡರೆ ಈ ಮಾತು ಕೋಳಿಗಳನ್ನು ದಾಟಿ ಬರುತ್ತದೆ. ಒಂದು ವರ್ಷ ಕಂಠಪಾಠ ಮಾಡಿ, ಕೈಯೆತ್ತಿ, ಗಂಟಲು ಹರಿಯುವಂತೆ ಕೂಗಿದ ಮಗುವಿಗೆ ಮೊದಲ ಬಹುಮಾನ ಹೋಗುತ್ತದೆ. ಕೊಟ್ಟವರಿಗೆ ದುರುದ್ದೇಶವಿಲ್ಲ. ಧೈರ್ಯ, ಸ್ಪಷ್ಟತೆ, ಹಾವಭಾವ ಎಂದು ಅಂಕಪಟ್ಟಿಯಲ್ಲೇ ಬರೆದಿತ್ತು. ಮರುವರ್ಷ ವೇದಿಕೆ ಹತ್ತುವ ಮಕ್ಕಳೆಲ್ಲ ಅದೇ ಏರುದನಿಯಲ್ಲಿ, ಅದೇ ಕಡೆ ಕೈಯೆತ್ತುತ್ತಾರೆ. ತನ್ನ ಮನೆಯ ಹಸುವಿನ ಬಗ್ಗೆ ತಡವರಿಸುತ್ತ, ಆದರೆ ತಾನೇ ಕಂಡದ್ದನ್ನು ಹೇಳುತ್ತಿದ್ದ ಮಗು ಮುಂದೆ ವೇದಿಕೆಗೇ ಬರುವುದಿಲ್ಲ. ಹತ್ತು ವರ್ಷ ಕಳೆದು ‘ಈಗಿನ ಮಕ್ಕಳಿಗೆ ಸ್ವಂತ ಮಾತೇ ಇಲ್ಲ’ ಎಂದು ಕೊರಗುವವರ ಸಾಲಿನಲ್ಲಿ ಅಂದು ಬಹುಮಾನ ಕೊಟ್ಟವರೂ ಇರುತ್ತಾರೆ. ಕೊರಗುತ್ತಿರುವುದು ತಮ್ಮದೇ ತೀರ್ಪಿನ ಸಂತತಿಯನ್ನು ಕಂಡು ಎಂಬುದು ಮಾತ್ರ ಅವರಿಗೆ ಹೊಳೆದಿರುವುದಿಲ್ಲ.

ಹಾಗಾದರೆ ತೀರ್ಪೇ ಬೇಡವೆ? ಬೇಡ ಎನ್ನುವುದು ಸುಲಭದ ವೈರಾಗ್ಯ. ಆರಿಸದೆ ಬದುಕಿಲ್ಲ. ಬೀಜದ ತೆನೆ ಆರಿಸುವ ರೈತನೂ ತೀರ್ಪುಗಾರನೇ. ಹೇಗೆ ಆರಿಸಬೇಕು ಎಂಬುದಕ್ಕೆ ಜರ್ಮನಿಯ ಕೋಳಿ ಪ್ರದರ್ಶನಗಳಲ್ಲಿ ನನಗೆ ತುಂಬ ಹಿಡಿಸಿದ ಒಂದು ಪದ್ಧತಿಯಿದೆ. ಅಲ್ಲಿ ಗೆದ್ದದ್ದಕ್ಕೆ ಪಟ್ಟಿ ಕಟ್ಟಿ ಉಳಿದವನ್ನು ಮರೆಯುವುದಿಲ್ಲ. ಪ್ರತಿಯೊಂದು ಪಂಜರಕ್ಕೂ ಒಂದು ತೀರ್ಪುಚೀಟಿ ಉಂಟು. ಅದರಲ್ಲಿ ಮೂರು ಭಾಗ. ಮೊದಲನೆಯದರಲ್ಲಿ ಕೋಳಿಯ ಗುಣಗಳು. ಕೊನೆಯದರಲ್ಲಿ ದೋಷಗಳು. ನಡುವೆ ಇನ್ನೊಂದು ಭಾಗ, ಅಲ್ಲಿ ತೀರ್ಪುಗಾರ ತನ್ನ ಹಾರೈಕೆಗಳನ್ನು ಬರೆಯುತ್ತಾನೆ: ಬಾಲ ಇನ್ನು ಸ್ವಲ್ಪ ಅಗಲವಿದ್ದರೆ ಚೆನ್ನ, ಕಣ್ಣಿನ ಬಣ್ಣ ಇನ್ನಷ್ಟು ಗಾಢವಾಗಲಿ. ಅಂಕವೂ ಉಂಟು. ಅತ್ಯುತ್ತಮ ಎನಿಸಿದ ಕೋಳಿಗೆ 97. ನೂರು ಯಾರಿಗೂ ಇಲ್ಲ.

ಆ ನಡುವಿನ ಭಾಗವನ್ನು ಕುರಿತು ಎಷ್ಟು ಯೋಚಿಸಿದರೂ ಸಾಲದು. ಗುಣ, ದೋಷಗಳೆರಡೂ ಆಗಿಹೋದದ್ದರ ಲೆಕ್ಕ. ಹಾರೈಕೆ ಆಗಬೇಕಾದದ್ದರ ಮಾತು. ಅಲ್ಲಿ ತೀರ್ಪುಗಾರ ತಾನು ಮುಂದಿನದನ್ನು ರೂಪಿಸುತ್ತಿದ್ದೇನೆ ಎಂಬುದನ್ನು ಒಪ್ಪಿಕೊಂಡಿದ್ದಾನೆ. ಹಾಗೆ ಒಪ್ಪಿಕೊಂಡವನು ಏನನ್ನು ಬಯಸುತ್ತಿದ್ದೇನೆ ಎಂದು ಬರೆದು, ಅದಕ್ಕೆ ಹೊಣೆಯಾಗಬೇಕಾಗುತ್ತದೆ. ಬರಿಯ ಪಟ್ಟಿ ಕಟ್ಟಿ ಮುಂದಕ್ಕೆ ಹೋದವನ ಬಯಕೆ ಏನೆಂದು ಯಾರೂ ಕೇಳಲಾರರು. ಚೀಟಿಯಲ್ಲಿ ಬರೆದವನನ್ನು ಕೇಳಬಹುದು. ಸೋತ ಕೋಳಿಯನ್ನು ಮನೆಗೆ ಒಯ್ಯುವವನಿಗೂ ಅಲ್ಲಿ ಕಸುಬಿಗೆ ಬರುವ ಒಂದು ಮಾತು ಸಿಗುತ್ತದೆ. ದೋಷ ಎಂದರೆ ಬಾಗಿಲು ಮುಚ್ಚಿತು. ಹಾರೈಕೆ ಎಂದರೆ ಬರುವ ವರ್ಷ ಮತ್ತೆ ಬಾ ಎಂದಂತೆ.

ಚೀಟಿಯೊಂದರಿಂದಲೇ ಎಲ್ಲ ಸರಿಹೋಗುತ್ತದೆ ಎನ್ನಲಾಗದು. ಬಯಕೆಯೇ ಕೆಟ್ಟದ್ದಾಗಿದ್ದರೆ ಅದನ್ನು ಚೆಂದವಾಗಿ ಬರೆದು ಫಲವೇನು? ಅದಕ್ಕೆಂದೇ ಅದೇ ದೇಶದ ಪ್ರಾಣಿರಕ್ಷಣಾ ಕಾಯ್ದೆಯಲ್ಲಿ, ಹುಟ್ಟುವ ಮರಿಗೆ ನೋವು, ಊನ ತರುವಂಥ ತಳಿ ಬೆಳೆಸುವುದನ್ನು ನಿಷೇಧಿಸುವ ಕಲಮೂ ಇದೆ. ಅಂದರೆ ಮಾನದಂಡಕ್ಕೂ ಒಂದು ಮಾನದಂಡ. ಲಕ್ಷಣದ ಪುಸ್ತಕ ಆಕಾಶದಿಂದ ಇಳಿದದ್ದಲ್ಲ. ಕಾಳಗ ನಿಂತು ಮಾತು ಬೇಕಾದಾಗ ಕೆಲವು ಮನುಷ್ಯರು ಕೂತು ಬರೆದದ್ದು. ಬರೆದವರೇ ತಿದ್ದಬಹುದು, ತಿದ್ದಿದ್ದಾರೆ ಕೂಡ. 1835ರಲ್ಲಿ ಕತ್ತಿಯನ್ನು ಕಿತ್ತುಕೊಂಡ ಕರುಣೆ ಅಲ್ಲಿಗೆ ತನ್ನ ಕೆಲಸ ಮುಗಿಸಲಿಲ್ಲ. ಕತ್ತಿಯ ಗಾಯ ಎಲ್ಲರಿಗೂ ಕಂಡಿತ್ತು, ಅದನ್ನು ನಿಲ್ಲಿಸುವುದು ಆ ಮಟ್ಟಿಗೆ ಸುಲಭ.

ಪಂಜರದ ಎದುರು ನಿಂತವನು ಕೇಳಿಕೊಳ್ಳಬೇಕಾದ ಪ್ರಶ್ನೆ ‘ಇವುಗಳಲ್ಲಿ ಯಾವುದು ಮೇಲು’ ಎಂಬುದಷ್ಟೇ ಅಲ್ಲ. ‘ಇಂಥವೇ ಇನ್ನೂ ನೂರು ಹುಟ್ಟಿ, ಅವುಗಳಿಗೆ ಮತ್ತೆ ನೂರು ಹುಟ್ಟುವುದು ನನಗೆ ಒಪ್ಪಿಗೆಯೇ’ ಎಂಬುದು. ಮೊದಲ ಪ್ರಶ್ನೆಗೆ ಕಣ್ಣು ಸಾಕು, ಅನುಭವ ಸಾಕು, ಪುಸ್ತಕದ ನೆನಪು ಸಾಕು. ಎರಡನೆಯದಕ್ಕೆ ಹಿತ್ತಲಿನ ಹುಂಜವೂ ಒಡೆಯದ ಮೊಟ್ಟೆಯೂ ಲೆಕ್ಕಕ್ಕೆ ಬರಬೇಕು. ಮೆಚ್ಚುಗೆ, ಅಂಕ, ಬಹುಮಾನ, ಬಡ್ತಿ, ಒಂದು ಶಹಬ್ಬಾಸ್ ಕೂಡ ನಮ್ಮ ಕೈಯಿಂದ ಹೋಗುವಾಗ ಈ ಎರಡನೆಯ ಪ್ರಶ್ನೆ ಬಾಕಿ ಇರುತ್ತದೆ. ಅದನ್ನು ಕೇಳಿಕೊಳ್ಳದೆ ಕೊಟ್ಟ ತೀರ್ಪು ನ್ಯಾಯವೇ ಆಗಿರಬಹುದು. ಆದರೆ ಆ ನ್ಯಾಯದ ಖರ್ಚನ್ನು ಸ್ಪರ್ಧೆಗೆ ಹೆಸರೇ ಕೊಡದ, ಇನ್ನೂ ಹುಟ್ಟದ ಯಾರೋ ಕಟ್ಟಬೇಕಾಗುತ್ತದೆ.